ಕುಂಬಳೆಯ ಒಂದು ಡಿಟಿಪಿ ಅಂಗಡಿ: ಹದಿಮೂರು ವರ್ಷದ ಸಿಸ್ಟಮ್ ಉಳಿಯಿತು, ನಾಲ್ಕು ವರ್ಷದ ಲ್ಯಾಪ್‌ಟಾಪ್ ಹೋಯಿತು

"ಯಾವ ಕಂಪನಿಯ ಲ್ಯಾಪ್‌ಟಾಪ್ ತೆಗೆದುಕೊಂಡರೆ ತುಂಬಾ ವರ್ಷ ಬರುತ್ತದೆ?" ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಹತ್ತಿರ ಜನ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಕಾಸರಗೋಡಿನ ನಮ್ಮ ಕಡೆಯವರಾದರೆ ನಾನು ಮೊದಲು ಬೇರೆಯದೇ ವಿಷಯ ಕೇಳುತ್ತೇನೆ. ಮನೆಯಲ್ಲಿ ಅರ್ತ್, ಅಂದರೆ ಬೇಡದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ, ಸರಿ ಉಂಟಾ? ಮಳೆಗಾಲದಲ್ಲಿ ಅದನ್ನು ಎಲ್ಲಿ ಇಡುತ್ತೀರಿ? ಒಂದು ಭಾಗ ಕೆಟ್ಟರೆ ಅದೊಂದನ್ನೇ ಬಿಚ್ಚಿ ಬದಲಾಯಿಸಲು ಬರುತ್ತದಾ? ಕಂಪನಿಯ ಹೆಸರು ಇದೆಲ್ಲ ಆದ ಮೇಲಿನ ಮಾತು. ಇದು ಬಾಯಿಮಾತಲ್ಲ ಅಂತ ತೋರಿಸಲು ಕುಂಬಳೆ ಪೇಟೆಯ ಒಂದು ಅಂಗಡಿಯ ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ. ಒಂದೇ ಕೋಣೆ, ಒಂದೇ ಕರೆಂಟು, ಒಂದೇ ಗಾಳಿ. ಆದರೂ ಎರಡು ಕಂಪ್ಯೂಟರುಗಳ ಆಯಸ್ಸು ಬೇರೆ ಬೇರೆ ಆಯಿತು.

ಅಂಗಡಿ ನಡೆಸುವುದು ಒಬ್ಬರು ಅಕ್ಕ. ಮುರಕಲ್ಲಿನ ಹಳೇ ಕಟ್ಟಡ, ಮೇಲೆ ಹಂಚಿನ ಮಾಡು. ಕಡಲು ದೂರ ಇಲ್ಲ. ಪಕ್ಕದಲ್ಲಿ ಅಡಿಕೆ ವ್ಯಾಪಾರದ ಅಂಗಡಿ, ಅಲ್ಲಿ ಗೋಣಿ ಕೊಡವಿದರೆ ದೂಳು ಸೀದಾ ಇಲ್ಲಿಗೆ. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ಮೇಲಂತೂ ಕೆಂಪು ದೂಳು ಎಲ್ಲ ಕಡೆ. ಕೆಲಸ ಏನೆಂದರೆ ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ, ಯಕ್ಷಗಾನದ ಕರಪತ್ರ, ಜೊತೆಗೆ ಆನ್‌ಲೈನ್ ಅರ್ಜಿ ತುಂಬಿಸುವುದು. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಿನಲ್ಲಿ ಆಟದ ಕರಪತ್ರಕ್ಕೆ ಯಾವತ್ತೂ ಬರ ಇಲ್ಲ. ದೀಪಾವಳಿ ಕಳೆದರೆ ಮೇ ಕೊನೆಯ ಪತ್ತನಾಜೆಯವರೆಗೆ ಅಕ್ಕನಿಗೆ ಬಿಡುವು ಸಿಗುವುದಿಲ್ಲ. ಆ ತಿಂಗಳುಗಳಲ್ಲಿ ಕಂಪ್ಯೂಟರ್ ಒಂದು ದಿನ ನಿಂತರೂ ಅದು ನೇರ ಹೊಟ್ಟೆಗೆ ಬೀಳುವ ಪೆಟ್ಟು.

ಮೊದಲನೆಯದು 2012ರಲ್ಲಿ ಜೋಡಿಸಿದ ಸಿಸ್ಟಮ್, ಅಂದರೆ ಡೆಸ್ಕ್‌ಟಾಪ್ ಕಂಪ್ಯೂಟರ್. ಇಂಟೆಲ್‌ನ ಎರಡನೇ ತಲೆಮಾರಿನ ಕೋರ್ ಐ3, ಎಚ್61 ಬೋರ್ಡು (ಎಲ್ಲ ಭಾಗ ಕೂರುವ ಮದರ್‌ಬೋರ್ಡ್), 2 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಆ ಕಾಲದಲ್ಲಿ ಎಲ್ಲರೂ ಹಾಕಿಸುತ್ತಿದ್ದ ಸಾಮಾನ್ಯ ಸೆಟ್ಟು, ವಿಶೇಷ ಏನಿಲ್ಲ. ಎರಡನೆಯದು 2020ರಲ್ಲಿ ಕೊಂಡ ತೆಳ್ಳನೆಯ ಲ್ಯಾಪ್‌ಟಾಪ್. ಆ ಜೂನ್ 1ಕ್ಕೆ ಕೇರಳದಲ್ಲಿ ಶಾಲೆಯ ಬಾಗಿಲು ತೆರೆಯಲಿಲ್ಲ, ಅದರ ಬದಲು ವಿಕ್ಟರ್ಸ್ ಚಾನೆಲ್‌ನಲ್ಲಿ ಫಸ್ಟ್ ಬೆಲ್ ಪಾಠ ಶುರುವಾಯಿತು. ಅಕ್ಕನ ಮಗಳ ಓದಿಗೆ ಅಂತ ಸಾಲ ಮಾಡಿ ತಂದ ಲ್ಯಾಪ್‌ಟಾಪ್ ಅದು. 4 ಜಿಬಿ ರ‍್ಯಾಮ್, ಫೈಲು ಉಳಿಯುವ ಚಿಪ್ಪು 64 ಜಿಬಿ ಇಎಂಎಂಸಿ. ಎರಡೂ ಬೋರ್ಡಿಗೇ ಬೆಸುಗೆ ಹಾಕಿದ್ದು. ಈ ಬೆಸುಗೆಯ ವಿಷಯ ನೆನಪಿಟ್ಟುಕೊಳ್ಳಿ, ಕೊನೆಗೆ ಬೆಲೆ ತೆತ್ತದ್ದು ಅದಕ್ಕೇ.

ಸಿಸ್ಟಮ್ ಹದಿಮೂರು ವರ್ಷ ಕೆಡದೆ ಓಡಿತು ಅಂತ ಯಾರೂ ತಿಳಿಯಬಾರದು. ಅದು ಬೇಕಾದಷ್ಟು ಸಲ ಕೆಟ್ಟಿದೆ. 2014ರ ಅಕ್ಟೋಬರಿನಲ್ಲಿ ಸಂಜೆಯ ಗುಡುಗಿಗೆ, ಸಿಸ್ಟಮ್‌ಗೆ ಕರೆಂಟು ಇಳಿಸಿ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಸುಟ್ಟಿತು. ಬೋರ್ಡು ಉಳಿಯಿತು, ಎಸ್‌ಎಂಪಿಎಸ್ ಒಂದನ್ನೇ ಬದಲಾಯಿಸಿ ಮರುದಿನ ಕೆಲಸ ಶುರು. 2017ರಲ್ಲಿ ಹಾರ್ಡ್ ಡಿಸ್ಕ್ ನಿಧಾನವಾಯಿತು. ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ಬರೆದಿಡುವ ಸ್ಮಾರ್ಟ್ ವರದಿ ತೆಗೆದು ನೋಡಿದರೆ ಕೆಟ್ಟ ಸೆಕ್ಟರ್‌ಗಳ ಸಂಖ್ಯೆ ಏರುತ್ತಾ ಇತ್ತು. ಈ ಸಂಖ್ಯೆ ಒಂದು ಕಡೆ ನಿಂತರೆ ಪರವಾಗಿಲ್ಲ, ವಾರದಿಂದ ವಾರಕ್ಕೆ ಏರಿದರೆ ಡಿಸ್ಕ್ ಹೋಗುವುದು ಹೆಚ್ಚುಕಡಿಮೆ ಖಂಡಿತ. ಪೂರ್ತಿ ಸಾಯುವ ಮೊದಲೇ ಎಲ್ಲವನ್ನೂ ತಿರುಗುವ ಭಾಗ ಇಲ್ಲದ, ಚಿಪ್ಪಿನ 240 ಜಿಬಿ ಎಸ್‌ಎಸ್‌ಡಿಗೆ ನಕಲು ಮಾಡಿ ಹಾಕಿದೆವು. ಸಿಸ್ಟಮ್ ಹೊಸತಿಗಿಂತ ಚುರುಕಾಯಿತು.

ಬಯಾಸ್‌ನ ಸಿಆರ್2032 ಸೆಲ್ ಕೂಡ ಬದಲಾಗಿದೆ. ಆಫ್ ಇದ್ದಾಗಲೂ ಗಡಿಯಾರ ಓಡಿಸುವ, ಸಣ್ಣ ನಾಣ್ಯದಷ್ಟು ಬ್ಯಾಟರಿ ಅದು. ಅದು ಇಳಿದರೆ ಗಡಿಯಾರ ಹಿಂದಕ್ಕೆ ಓಡುತ್ತದೆ, ಆಗ ಬ್ಯಾಂಕಿನ ಮತ್ತು ಸರಕಾರದ ಸೈಟುಗಳು "ಸುರಕ್ಷಿತವಲ್ಲ" ಅಂತ ಬಾಗಿಲು ಹಾಕಿಬಿಡುತ್ತವೆ, ಯಾಕೆಂದರೆ ಸೈಟಿನ ಪ್ರಮಾಣಪತ್ರದ ದಿನಾಂಕಕ್ಕೂ ನಮ್ಮ ಗಡಿಯಾರಕ್ಕೂ ತಾಳೆ ಆಗುವುದಿಲ್ಲ. ಇಂಟರ್ನೆಟ್ಟೇ ಹಾಳಾಗಿದೆ ಅಂತ ಜನ ಎಷ್ಟೋ ದಿನ ಪರದಾಡುವುದನ್ನು ನೋಡಿದ್ದೇನೆ. ಮಾನಿಟರ್ ಒಮ್ಮೆ ಮಿಣುಕಿ ಮಿಣುಕಿ ಆರಿತು. ಬಿಚ್ಚಿದರೆ ಪವರ್ ಬೋರ್ಡಿನ ಕೆಪಾಸಿಟರುಗಳ, ಅಂದರೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಸಣ್ಣ ಭಾಗಗಳ ತಲೆ ಉಬ್ಬಿತ್ತು. ಒಳಗೆ ದ್ರವ ಇರುವ ಈ ಕೆಪಾಸಿಟರುಗಳ ಆಯಸ್ಸು ಬಿಸಿ 10 ಡಿಗ್ರಿ ಏರಿದಂತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 85 ಡಿಗ್ರಿ ತಾಳುವುದನ್ನು ತೆಗೆದು 105 ಡಿಗ್ರಿ ತಾಳುವುದನ್ನು ಹಾಕಿದೆ. ಬಿಡಿಭಾಗದ ಖರ್ಚು ಎರಡು ಚಹಾಕ್ಕಿಂತ ಜಾಸ್ತಿ ಆಗಲಿಲ್ಲ. ಮತ್ತೆ ಪ್ರತಿ ವರ್ಷ ಮಳೆ ಹಿಡಿದ ಹೊಸತರಲ್ಲಿ ಒಂದು ದಿನ ಸಿಸ್ಟಮ್ ಬೀಪ್ ಬೀಪ್ ಅನ್ನುತ್ತದೆ, ಪರದೆ ಬರುವುದಿಲ್ಲ. ರ‍್ಯಾಮ್ ಕಿತ್ತು, ಕಾಲುಗಳನ್ನು ಒರೆಸಿ, ಮತ್ತೆ ಕೂರಿಸಿದರೆ ಸರಿ. ಅದನ್ನು ಅಕ್ಕ ಈಗ ನನ್ನನ್ನು ಕರೆಯದೆ ತಾನೇ ಮಾಡುತ್ತಾರೆ.

ಇನ್ನು ಲ್ಯಾಪ್‌ಟಾಪ್. 2022ರಲ್ಲಿ ಟಚ್‌ಪ್ಯಾಡ್ ಮೇಲೆದ್ದು ಬಂತು. ಅಡಿಯಲ್ಲಿ ಬ್ಯಾಟರಿ ಉಬ್ಬಿತ್ತು. ಇಡೀ ದಿನ ಚಾರ್ಜರ್ ಹಾಕಿಯೇ ಇಡುತ್ತಿದ್ದರು, ಹಂಚಿನ ಅಡಿಯಲ್ಲಿ ಏಪ್ರಿಲ್ ಮೇ ಬಿಸಿ ಹೇಳಬೇಕಾಗಿಲ್ಲ. ಲಿಥಿಯಂ ಬ್ಯಾಟರಿಗೆ ನೂರಕ್ಕೆ ನೂರು ತುಂಬಿಕೊಂಡು ಬಿಸಿಯಲ್ಲಿ ಕೂರುವುದರಷ್ಟು ಕೆಟ್ಟದ್ದು ಬೇರೆ ಇಲ್ಲ. ಆಮೇಲೆ ಪರದೆಯ ಹಿಂಜ್ ಬಿಗಿಯಾಗಿ, ಅದು ಕೂತಿದ್ದ ಪ್ಲಾಸ್ಟಿಕ್ ಒಡೆಯಿತು. ಇದು ಅಗ್ಗದ ತೆಳ್ಳಗಿನ ಲ್ಯಾಪ್‌ಟಾಪ್‌ಗಳ ದೊಡ್ಡ ರೋಗ. ಲೋಹದ ಹಿಂಜನ್ನು ಪ್ಲಾಸ್ಟಿಕ್‌ನಲ್ಲಿ ಹೂತ ಸಣ್ಣ ಹಿತ್ತಾಳೆಯ ನಟ್ಟುಗಳು ಹಿಡಿದುಕೊಂಡಿರುತ್ತವೆ, ಹಿಂಜ್ ಬಿಗಿಯಾದಂತೆ ಅವು ಕಿತ್ತುಕೊಂಡು ಬರುತ್ತವೆ. ಅದಕ್ಕೂ ಅಂಟು ಹಾಕಿ ಹೇಗೋ ದಾಟಿಸಿದೆವು. 2024ರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಂದು ಬೆಳಗ್ಗೆ ಬಟನ್ ಒತ್ತಿದರೆ ಏನೂ ಇಲ್ಲ. ಲೈಟೇ ಇಲ್ಲ.

"ಅಣ್ಣ, ನಿನ್ನೆ ಮೊನ್ನೆ ಇದನ್ನು ಮುಟ್ಟಿಯೇ ಇಲ್ಲ. ಬ್ಯಾಗಿನಲ್ಲಿ ಹಾಕಿ ಕಪಾಟಿನಲ್ಲಿ ಜಾಗ್ರತೆಯಾಗಿ ಇಟ್ಟದ್ದು. ಮತ್ತೆ ಎಂತ ಆದದ್ದು ಇದಕ್ಕೆ?" ಅಂತ ಅಕ್ಕ ಕೇಳಿದರು.

ಉತ್ತರ ಇದ್ದದ್ದು ಆ ಕಪಾಟಿನಲ್ಲೇ.

ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಚಾರ್ಜಿಂಗ್ ಭಾಗದ ಸುತ್ತ, ಯುಎಸ್‌ಬಿ ಪೋರ್ಟಿನ ಬುಡದಲ್ಲಿ ಹಸಿರು ಕಿಲುಬು. ಮೂಲೆಯಲ್ಲಿ ಇರುವೆಗಳು ಮಣ್ಣು ತಂದು ಗೂಡು ಮಾಡಿದ್ದವು. ಅದೇ ದಿನ ಸಿಸ್ಟಮ್‌ನ ಬೋರ್ಡನ್ನೂ ನೋಡಿದೆ. ದೂಳು ಅದರ ಮೇಲೆ ಹತ್ತು ಪಟ್ಟು ಜಾಸ್ತಿ ಇತ್ತು, ಆದರೆ ಕಿಲುಬು ಇಲ್ಲವೇ ಇಲ್ಲ ಅನ್ನಬಹುದು. ತೆರೆದು ಬಿದ್ದುಕೊಂಡಿದ್ದ, ದೂಳು ತಿಂದ ಸಿಸ್ಟಮ್ ಚೆನ್ನಾಗಿದೆ. ಬ್ಯಾಗಿನೊಳಗೆ ಬೆಚ್ಚಗೆ ಇಟ್ಟ ಲ್ಯಾಪ್‌ಟಾಪ್ ಕೊಳೆತಿದೆ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಡಲ ಕರೆಯ ಗಾಳಿಯಲ್ಲಿ ಉಪ್ಪಿನ ಕಣ ಇರುತ್ತದೆ. ಅದು ದೂಳಿನ ಜೊತೆ ಬೋರ್ಡಿನ ಮೇಲೆ ಕೂರುತ್ತದೆ. ಒಣಗಿದ್ದಾಗ ಉಪ್ಪಿನಿಂದ ಅಷ್ಟೇನೂ ತೊಂದರೆ ಇಲ್ಲ. ಆದರೆ ಗಾಳಿಯ ಸಾಪೇಕ್ಷ ತೇವಾಂಶ, ಅಂದರೆ ಆ ಬಿಸಿಯಲ್ಲಿ ಗಾಳಿ ಹಿಡಿಯಬಲ್ಲ ನೀರಿನಲ್ಲಿ ಎಷ್ಟು ಪಾಲು ತುಂಬಿದೆ ಅನ್ನುವ ಲೆಕ್ಕ, 75% ದಾಟಿದರೆ ಅಡುಗೆ ಉಪ್ಪು ತಾನಾಗಿ ಗಾಳಿಯಿಂದ ನೀರು ಎಳೆದುಕೊಂಡು ಕರಗಲು ಶುರು ಮಾಡುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ಆಗುವುದು ಇದೇ ಅಲ್ವಾ. ಬೋರ್ಡಿನ ಮೇಲೆ ಹಾಗಾದರೆ ಅದು ಉಪ್ಪು ನೀರಿನ ತೆಳುವಾದ ಪದರ. ಕರೆಂಟು ಹರಿಯುವ ಪದರ. ಬ್ಯಾಟರಿ ಒಳಗೇ ಇರುವ ಲ್ಯಾಪ್‌ಟಾಪ್‌ನಲ್ಲಿ ಆಫ್ ಮಾಡಿದರೂ ಕೆಲವು ಗೆರೆಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಉಪ್ಪು ನೀರು, ತಾಮ್ರ, ವೋಲ್ಟೇಜ್ ಮೂರೂ ಸೇರಿದರೆ ತಾಮ್ರ ತಿಂದುಹೋಗುತ್ತದೆ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಎಷ್ಟೋ ದಿನ 90% ದಾಟುತ್ತದೆ. ಹಾಗಿದ್ದರೆ ಸಿಸ್ಟಮ್ ಯಾಕೆ ಉಳಿಯಿತು? ಅದು ದಿನವೂ ಓಡುತ್ತಿತ್ತು, ಅದಕ್ಕೆ. 26 ಡಿಗ್ರಿಯಲ್ಲಿ 90% ತೇವಾಂಶ ಇರುವ ಗಾಳಿಯನ್ನು 36 ಡಿಗ್ರಿಗೆ ಬಿಸಿ ಮಾಡಿದರೆ, ಒಂದು ತೊಟ್ಟು ನೀರು ತೆಗೆಯದಿದ್ದರೂ ಅದರ ಸಾಪೇಕ್ಷ ತೇವಾಂಶ 50%ರ ಆಸುಪಾಸಿಗೆ ಇಳಿಯುತ್ತದೆ. ಬಿಸಿ ಗಾಳಿಗೆ ಜಾಸ್ತಿ ನೀರು ಹಿಡಿದುಕೊಳ್ಳುವ ಶಕ್ತಿ ಇದೆ ಅಷ್ಟೆ. ಓಡುತ್ತಿರುವ ಕ್ಯಾಬಿನೆಟ್ಟಿನೊಳಗೆ ಅಷ್ಟು ಬಿಸಿ ಆರಾಮವಾಗಿ ಇರುತ್ತದೆ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಏಳರವರೆಗೆ ಅದರ ಬೋರ್ಡು 75%ರ ಗೆರೆಯ ಕೆಳಗೆ, ಒಣಗಿಕೊಂಡು ಇರುತ್ತಿತ್ತು. ಕಪಾಟಿನ ಲ್ಯಾಪ್‌ಟಾಪ್ ಹಗಲೂ ರಾತ್ರಿ ಗೆರೆಯ ಮೇಲೆ. ಬಟ್ಟೆಯ ಬ್ಯಾಗ್ ಬೇರೆ ತೇವ ಹೀರಿಕೊಂಡು ಇಟ್ಟುಕೊಳ್ಳುತ್ತದೆ. ಬ್ಯಾಗಿನ ಒಳಗೆ ಬೂಷ್ಟು ಕೂಡ ಬಂದಿತ್ತು. ಮಗಳ ಶಾಲೆ ತೆರೆದ ಮೇಲೆ ಲ್ಯಾಪ್‌ಟಾಪ್‌ಗೆ ಕೆಲಸ ಕಮ್ಮಿ ಆಯಿತು, ವಾರಗಟ್ಟಲೆ ಕಪಾಟಿನಲ್ಲೇ. ಜಾಗ್ರತೆ ಅಂತ ಮಾಡಿದ್ದೇ ಅದನ್ನು ಕೊಂದಿತು. ಇದರಲ್ಲಿ ಅಕ್ಕನ ತಪ್ಪು ಏನೂ ಇಲ್ಲ. ಕರಾವಳಿಯಲ್ಲಿ ಮಾರುವ ಯಾವ ಲ್ಯಾಪ್‌ಟಾಪ್‌ನ ಡಬ್ಬಿಯಲ್ಲೂ ಈ ವಿಷಯ ಬರೆದದ್ದನ್ನು ನಾನು ನೋಡಿಲ್ಲ. ಇದರ ಬಗ್ಗೆ ನನಗೆ ನಿಜವಾಗಿ ಸಿಟ್ಟು ಇದೆ.

ಸರ್ವೀಸ್ ಸೆಂಟರಿಗೆ ಕೊಟ್ಟರೆ "ನೀರಿನ ಹಾನಿ, ಬೋರ್ಡೇ ಬದಲಾಯಿಸಬೇಕು" ಅಂದರು. ಹೇಳಿದ ರೇಟು ಹೊಸ ಲ್ಯಾಪ್‌ಟಾಪ್‌ನ ಮುಕ್ಕಾಲು ಭಾಗ. ಕೊನೆಗೆ ಮಂಗಳೂರಿನಲ್ಲಿ ಚಿಪ್ ಲೆವೆಲ್ ಕೆಲಸ ಮಾಡುವವರೊಬ್ಬರ ಹತ್ತಿರ ಕೊಂಡುಹೋದೆ. ಅವರು ಚಾರ್ಜರಿನ 19 ವೋಲ್ಟಿನ ಗೆರೆಯಲ್ಲಿ ಶಾರ್ಟ್ ಆಗಿದ್ದ ಅಕ್ಕಿಕಾಳಿಗಿಂತ ಸಣ್ಣ ಕೆಪಾಸಿಟರ್ ಒಂದನ್ನು ಹುಡುಕಿ ತೆಗೆದರು. ಬೋರ್ಡು ಕ್ಲೀನ್ ಮಾಡಿ, ಬೇರೆಯದು ಹಾಕಿದ ಮೇಲೆ ಲೈಟ್ ಬಂತು, ಪರದೆಯೂ ಬಂತು. ಆದರೆ ಇಎಂಎಂಸಿ ಮಾತಾಡಲಿಲ್ಲ. ಸಿಸ್ಟಮ್‌ನ ಡಿಸ್ಕ್ ಹಾಗೆ ಕಿತ್ತು ಬೇರೆ ಕಡೆ ಸಿಕ್ಕಿಸಿ ನೋಡಲು ಇಲ್ಲಿ ಬರುವುದಿಲ್ಲ, ಅದು ಬೋರ್ಡಿನದೇ ಒಂದು ಚಿಪ್ಪು. ಮಗಳ ಪ್ಲಸ್ ಟೂ ಪ್ರಾಜೆಕ್ಟು, ಮನೆಯ ಫೋಟೋಗಳು, ಅಂಗಡಿಯ ಲೆಕ್ಕ ಎಲ್ಲ ಅದರೊಳಗೇ ಉಳಿದವು. ಡಿಟಿಪಿ ಫೈಲುಗಳು ಸಿಸ್ಟಮ್‌ನಲ್ಲಿ ಇದ್ದದ್ದರಿಂದ ಹೊಟ್ಟೆಪಾಡು ಉಳಿಯಿತು.

ಎರಡಕ್ಕೂ ಪೆಟ್ಟು ಬಿದ್ದಿತ್ತು, ಇದನ್ನು ಗಮನಿಸಬೇಕು. ಸಿಸ್ಟಮ್‌ಗೆ ಬಿದ್ದ ಪೆಟ್ಟುಗಳೇ ಜಾಸ್ತಿ. ಆದರೆ ಅಲ್ಲಿ ಪ್ರತಿ ಪೆಟ್ಟೂ ಒಂದು ಭಾಗದಲ್ಲಿ ನಿಂತಿತು, ಆ ಭಾಗ ಕುಂಬಳೆಯಲ್ಲೋ ಕಾಸರಗೋಡಿನಲ್ಲೋ ಸಿಕ್ಕಿತು. ಲ್ಯಾಪ್‌ಟಾಪ್‌ನಲ್ಲಿ ಒಂದು ಸಣ್ಣ ಮೂಲೆ ಕೆಟ್ಟದ್ದಕ್ಕೆ ರ‍್ಯಾಮ್, ಡಿಸ್ಕ್, ಬೋರ್ಡು ಎಲ್ಲ ಒಟ್ಟಿಗೆ ಹೋಯಿತು. 2009ರಲ್ಲಿ ಅಮೆರಿಕದ ಸ್ಕ್ವೇರ್‌ಟ್ರೇಡ್ ಅನ್ನುವ ವಾರಂಟಿ ಕಂಪನಿ ಸುಮಾರು 30,000 ಲ್ಯಾಪ್‌ಟಾಪ್‌ಗಳ ಲೆಕ್ಕ ಹಾಕಿ, ಮೂರು ವರ್ಷದೊಳಗೆ 31% ಕೆಡುತ್ತವೆ ಅಂತ ಹೇಳಿತ್ತು. ಅದರಲ್ಲಿ ಮೂರನೇ ಒಂದು ಭಾಗ ಬಿದ್ದದ್ದು, ನೀರು ಚೆಲ್ಲಿದ್ದು ಇತ್ಯಾದಿ, ಉಳಿದದ್ದು ತಾನಾಗಿ ಕೆಟ್ಟದ್ದು. ಅದು ಹಳೇ ಲೆಕ್ಕ, ಬೇರೆ ದೇಶದ್ದು, ನಿಜ. ಆದರೂ ಲ್ಯಾಪ್‌ಟಾಪ್ ಅಂದರೆ ಕೆಡುವುದು ಅಪರೂಪ ಅಂತ ನಂಬಿ ಕೂರಬಾರದು. ಕೆಟ್ಟೇ ಕೆಡುತ್ತದೆ ಅಂತ ಇಟ್ಟುಕೊಂಡು ಕೊಳ್ಳಬೇಕು.

ಅರ್ತಿನ ವಿಷಯಕ್ಕೆ ಬರುತ್ತೇನೆ. ಸಿಸ್ಟಮ್‌ನ ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ ಅಂತ ಅಕ್ಕ ಮೊದಲಿನಿಂದಲೂ ಹೇಳುತ್ತಿದ್ದರು. ಹೊರಗೆ ಒದ್ದೆ ನೆಲಕ್ಕೆ ಕಬ್ಬಿಣದ ಮೊಳೆ ಹೊಡೆದು, ಕ್ಯಾಬಿನೆಟ್‌ಗೂ ಆ ಮೊಳೆಗೂ ನಡುವೆ ಮೀಟರ್ ಹಿಡಿದರೆ 100 ವೋಲ್ಟಿನ ಹತ್ತಿರ ತೋರಿಸಿತು. ಇದಕ್ಕೆ ಕಾರಣ ಸುಲಭ. ಎಸ್‌ಎಂಪಿಎಸ್‌ನೊಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಅರ್ತಿಗೆ ಜೋಡಿಸಿರುತ್ತದೆ, ಕರೆಂಟಿನ ಜೊತೆ ಬರುವ ಬೇಡದ ಸಣ್ಣ ಅಲೆಗಳನ್ನು ಸೋಸಲು. ಅರ್ತ್ ಇಲ್ಲದಿದ್ದರೆ ಇವೆರಡೂ ಸೇರಿ 230 ವೋಲ್ಟನ್ನು ಅರ್ಧ ಮಾಡಿ ಕ್ಯಾಬಿನೆಟ್‌ಗೆ ಕೊಡುತ್ತವೆ. ಹರಿಯುವ ಕರೆಂಟು ಬಹಳ ಕಮ್ಮಿ, ಹಾಗಾಗಿ ಬರೀ ಜುಂ. ಆದರೆ ಅದು ಕೊಡುವ ಸಂದೇಶ ಒಂದೇ, ನಿಮ್ಮ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಕೆಲಸ ಮಾಡುವುದು ಎರಡೇ ಪಿನ್.

ಅಂಗಡಿಯ ಅರ್ತ್ ತಂತಿಯನ್ನು ಹಿಡಿದು ಹೋದರೆ ಅದು ಹಿಂದಿನ ಗೋಡೆಯ ಹತ್ತಿರ ತುಂಡಾಗಿ ನೇತಾಡುತ್ತಿತ್ತು. ಯಾವಾಗ ತುಂಡಾಯಿತೋ ಅಕ್ಕನಿಗೂ ಗೊತ್ತಿಲ್ಲ. ಅಂದರೆ ಅಷ್ಟು ವರ್ಷ ಹಾಕಿಕೊಂಡಿದ್ದ ಸ್ಪೈಕ್ ಬಸ್ಟರ್ ಹೆಚ್ಚುಕಡಿಮೆ ಬರೀ ಎಕ್ಸ್‌ಟೆನ್ಶನ್ ಬಾಕ್ಸ್ ಆಗಿತ್ತು, ಯಾಕೆಂದರೆ ಸಿಡಿಲಿನ ಏರುವೋಲ್ಟೇಜನ್ನು ಅರ್ತಿಗೆ ಇಳಿಸಲು ಅದಕ್ಕೆ ದಾರಿಯೇ ಇರಲಿಲ್ಲ. 2014ರ ಎಸ್‌ಎಂಪಿಎಸ್ ಕೂಡ ಇದೇ ಸ್ಥಿತಿಯಲ್ಲಿ ಹೋದದ್ದು ಅಂತ ನನ್ನ ಅಂದಾಜು. ಮುರಕಲ್ಲಿನ ನೆಲದಲ್ಲಿ ಅರ್ತ್ ಹಿಡಿಯುವುದೇ ಕಷ್ಟ. ಬೇಸಿಗೆಯಲ್ಲಿ ಕಲ್ಲು ಒಣಗಿದರೆ ಇನ್ನೂ ಕಷ್ಟ. ಎಲೆಕ್ಟ್ರಿಶಿಯನ್ ಕರೆಸಿ, ಬಾವಿಯ ಕಟ್ಟೆಯ ಪಕ್ಕ ತಂಪು ಮಣ್ಣು ಇರುವ ಕಡೆ ಹೊಂಡ ತೋಡಿಸಿ, ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿಸಿ, ಹೊಸ ತಂತಿ ಎಳೆಸಿದೆವು. ಮಾರ್ಚ್‌ನಿಂದ ಮೇವರೆಗೆ ಆ ಪೈಪಿಗೆ ಆಗಾಗ ಒಂದು ಕೊಡ ನೀರು ಹಾಕಬೇಕು. ಜುಂ ಅನ್ನುವುದು ಅವತ್ತೇ ನಿಂತಿತು.

ಸಿಡಿಲಿಗೆ ಅರ್ತ್ ಒಂದೇ ಸಾಲದು. ಏಪ್ರಿಲ್ ಮೇ ಮತ್ತು ಅಕ್ಟೋಬರ್ ನವೆಂಬರ್‌ನಲ್ಲಿ ಮಧ್ಯಾಹ್ನ ಕಳೆದು ಮೋಡ ಕವಿದರೆ ಪ್ಲಗ್ ಕಿತ್ತು ಇಡುವುದೇ ಸರಿ, ಸ್ವಿಚ್ ಆಫ್ ಮಾಡಿದರೆ ಆಗದು. ಇಂಟರ್ನೆಟ್ ತಾಮ್ರದ ತಂತಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಸಿಡಿಲು ಆ ದಾರಿಯಲ್ಲಿ ಮೋಡೆಮ್‌ಗೆ ಬಂದು, ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಬೋರ್ಡಿಗೆ ಹೋಗುತ್ತಿತ್ತು. ಈಗ ಫೈಬರ್ ಬಂದಿದೆ, ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ, ಆದರೆ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಕರೆಂಟಿನ ಲೈನಿನಲ್ಲೇ ಇದೆ. ಅದನ್ನೂ ಕೀಳಬೇಕು.

ಇಷ್ಟೆಲ್ಲ ದಾಟಿ ಬಂದ ಸಿಸ್ಟಮ್‌ಗೆ ಕೊನೆಯ ಕುತ್ತು ಬಂದದ್ದು ಬೇರೆ ಕಡೆಯಿಂದ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಈಚಿನದು ಬೇಕು. ಈ ಸಿಸ್ಟಮ್ ಎರಡನೆಯದು. ಚೆನ್ನಾಗಿ ಓಡುತ್ತಿರುವ ಸಿಸ್ಟಮ್ ಒಂದು ದಿನಾಂಕದಿಂದಾಗಿ ಹಳತಾಗುವುದು ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಬ್ಯಾಂಕು, ಆಧಾರ್, ಅರ್ಜಿ ಅಂತ ಜನರ ದಾಖಲೆ ಹಿಡಿದು ಕೆಲಸ ಮಾಡುವ ಅಂಗಡಿ ಇದು, ಅಪ್‌ಡೇಟ್ ಇಲ್ಲದ ವಿಂಡೋಸ್‌ನಲ್ಲಿ ಇಂಟರ್ನೆಟ್ ಬಳಸುವುದು ಸರಿಯಲ್ಲ.

ಇಲ್ಲಿ ನಮಗೆ ಕೇರಳದ ಶಾಲೆ ನೆರವಿಗೆ ಬಂತು. 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರುವಾಗಿ 2017ರಲ್ಲಿ ಕೈಟ್ ಆದ ಸಂಸ್ಥೆ, ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಿಂಡೋಸ್ ಬದಲು ಹಾಕಬಹುದಾದ, ಉಚಿತವಾಗಿ ಸಿಗುವ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಸುತ್ತದೆ. ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಕಲಿಯುತ್ತಾರೆ. ಹಾಗಾಗಿ ಅಕ್ಕನಿಗೆ ಲಿನಕ್ಸ್ ಹೊಸತಾದರೂ ಮಗಳಿಗೆ ಅದು ಹೈಸ್ಕೂಲಿನಿಂದ ಕೈಗೆ ಕೂತದ್ದು. ರ‍್ಯಾಮ್ 8 ಜಿಬಿ ಮಾಡಿ ಲಿನಕ್ಸ್ ಹಾಕಿದೆ. ಅಮ್ಮನಿಗೆ ಕಲಿಸಿದ್ದು ಮಗಳೇ. ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರಿನಲ್ಲಿ ಒತ್ತಿ ಅಭ್ಯಾಸವಾದ ಕೆಜಿಪಿ ಕೀಲಿಮಣೆ ಅಲ್ಲೂ ಸಿಕ್ಕಿತು, ಬೆರಳು ಹೊಸತು ಕಲಿಯಬೇಕಾಗಲಿಲ್ಲ. ತೊಂದರೆ ಇದ್ದದ್ದು ಪೇಜ್‌ಮೇಕರ್ 7ರಲ್ಲಿ. ಅಚ್ಚಿನ ಪುಟ ಜೋಡಿಸುವ 2001ರ ಸಾಫ್ಟ್‌ವೇರ್, ಹಳೇ ಫಾಂಟುಗಳು, ವರ್ಷಗಳ ಆಮಂತ್ರಣ ಪತ್ರಿಕೆಗಳೆಲ್ಲ ಅದರಲ್ಲೇ. ಆ ಕೆಲಸಕ್ಕೆ ಹಳೇ ವಿಂಡೋಸನ್ನು ಡಿಸ್ಕಿನ ಇನ್ನೊಂದು ಭಾಗದಲ್ಲಿ ಉಳಿಸಿ, ಅದರ ನೆಟ್‌ವರ್ಕ್ ಪೂರ್ತಿ ಬಂದ್ ಮಾಡಿದ್ದೇನೆ. ಆನ್ ಮಾಡುವಾಗ ಯಾವುದು ಬೇಕೋ ಆರಿಸಿಕೊಳ್ಳುತ್ತಾರೆ.

ಸತ್ತ ಲ್ಯಾಪ್‌ಟಾಪ್‌ನ ಬದಲು ಹೊಸತು ಬೇಡ ಅಂದೆ. ಅದೇ ದುಡ್ಡಿಗಿಂತ ಕಮ್ಮಿಗೆ ಮಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದೆವು. ಕಂಪನಿ ಆಫೀಸುಗಳಿಗೆ ಅಂತ ಮಾಡುವ ದಪ್ಪನೆಯ ಜಾತಿಯದ್ದು. ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೀಟ್‌ಬುಕ್ ಆ ಸಾಲಿನವು. ಇವನ್ನು ಬಿಚ್ಚುವ ಕ್ರಮವನ್ನು ಕಂಪನಿಗಳೇ ಪುಸ್ತಕ ಮಾಡಿ ಎಲ್ಲರಿಗೂ ಸಿಗುವಂತೆ ಇಟ್ಟಿವೆ. ಎಂಟನೇ ತಲೆಮಾರಿನದು, ವಿಂಡೋಸ್ 11 ಹಿಡಿಯುತ್ತದೆ. ಅಂಗಡಿಯಲ್ಲೇ ಅಡಿಯ ಮುಚ್ಚಳ ತೆಗೆಸಿ ನೋಡಿದೆ. ರ‍್ಯಾಮ್‌ಗೆ ಎರಡು ಸ್ಲಾಟ್, ಎಸ್‌ಎಸ್‌ಡಿ ಒಂದು ಸ್ಕ್ರೂನಲ್ಲಿ ನಿಂತದ್ದು, ಬ್ಯಾಟರಿಗೆ ಅಂಟಿಲ್ಲ. ಅಷ್ಟು ನೋಡದೆ ನಾನು ಯಾರಿಗೂ ಕೊಡಿಸುವುದಿಲ್ಲ. ಒಂದೇ ಮಾದರಿಯಲ್ಲೂ ರ‍್ಯಾಮ್ ಬೆಸುಗೆ ಹಾಕಿದ ವರ್ಷಗಳಿವೆ, ಹೆಸರು ನೋಡಿ ನಂಬಬಾರದು.

ಚಾರ್ಜ್ 80%ಕ್ಕೆ ನಿಲ್ಲುವಂತೆ ಸೆಟ್ ಮಾಡಿದ್ದೇನೆ. ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ, ದಿನಕ್ಕೆ ಒಂದಷ್ಟು ಹೊತ್ತು ಆನ್ ಮಾಡಿ ಬಿಡಬೇಕು. ನಾಲ್ಕು ದಿನ ಊರಿಗೆ ಹೋಗುವುದಾದರೆ ಬ್ಯಾಗಿನಲ್ಲಿ ಅಲ್ಲ, ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ. ಬಣ್ಣ ಬದಲಾಗುವ ಜೆಲ್ ತಂದರೆ ಒಳ್ಳೆಯದು, ತೇವ ತುಂಬಿದ್ದು ಗೊತ್ತಾಗುತ್ತದೆ, ಬಿಸಿ ಮಾಡಿ ಮತ್ತೆ ಬಳಸಬಹುದು. ಫೈಲುಗಳ ನಕಲು ಈಗ ಎರಡು ಕಡೆ. ಒಂದು ಅಂಗಡಿಯ ಹೊರ ಡಿಸ್ಕಿನಲ್ಲಿ, ಇನ್ನೊಂದು ಮನೆಯಲ್ಲಿ. ಶನಿವಾರ ಅಂಗಡಿ ಮುಚ್ಚುವ ಮೊದಲು ಮಗಳು ಅದನ್ನು ಮಾಡುತ್ತಾಳೆ.

ಸಿಸ್ಟಮ್ ಇನ್ನೆಷ್ಟು ವರ್ಷ ಅಂತ ಅಕ್ಕ ಕೇಳಿದ್ದಾರೆ. ಬೋರ್ಡು ಹೋದರೆ ಅದೇ ಕಾಲದ ಹಳೇ ಬೋರ್ಡು ಸಿಗುವವರೆಗೆ ಓಡಿಸಬಹುದು, ಸಿಗದ ದಿನ ನಿಲ್ಲಿಸುವುದು ಅಂತ ಹೇಳಿದ್ದೇನೆ. ಸದ್ಯಕ್ಕೆ ಬಾಕಿ ಇರುವುದು ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ. ಕರೆಂಟು ಹೋದರೆ ಈಗ ಒಂದು ನಿಮಿಷವೂ ಹಿಡಿಯುವುದಿಲ್ಲ. ತೋಟಗಳ ಪಂಪು ಓಡುವ ಬೇಸಿಗೆಯಲ್ಲಿ ವೋಲ್ಟೇಜ್ ಇಳಿದು ಏರಿ ಆಗುತ್ತದೆ, ಅಷ್ಟರೊಳಗೆ ಬದಲಾಯಿಸಬೇಕು. ಹಳೇ ಬ್ಯಾಟರಿಯನ್ನೂ ಲ್ಯಾಪ್‌ಟಾಪ್‌ನ ಆ ಉಬ್ಬಿದ ಬ್ಯಾಟರಿಯನ್ನೂ ಒಟ್ಟಿಗೆ ಹಿಂದೆ ಕೊಡುವುದು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅವನ್ನು ವಾಪಸ್ ತೆಗೆದುಕೊಳ್ಳುವ ಹೊಣೆ ತಯಾರಕರದ್ದು. ಅಲ್ಲಿಯವರೆಗೆ ಉಬ್ಬಿದ್ದನ್ನು ಚುಚ್ಚದೆ, ಒತ್ತದೆ, ಬೆಂಕಿ ಹಿಡಿಯುವ ಸಾಮಾನಿನಿಂದ ದೂರ, ಹೊರಗಿನ ಜಗಲಿಯಲ್ಲಿ ಮಣ್ಣಿನ ಪಾತ್ರೆಯೊಳಗೆ ಇಡಿಸಿದ್ದೇನೆ.